ಲೇಬಲ್ ಮುಚ್ಚಿ ರುಚಿ ನೋಡಿ

ಮಾನ್ಯರೇ,

ವೈನ್ ತಜ್ಞ ಸ್ಟೀವನ್ ಸ್ಪರಿಯರ್ ಅವರ ಕುರಿತ ವರದಿ ಓದಿದೆ. ನಮ್ಮ ರಾಜ್ಯದ ವೈನ್‌ಗೂ ಅವರು ಮಾಡಿದಂಥ ಪರೀಕ್ಷೆ ಬೇಕು.

ಇಂಗ್ಲೆಂಡಿನ ಇವರು ಪ್ಯಾರಿಸ್‌ನಲ್ಲಿ ವೈನ್ ಅಂಗಡಿ ನಡೆಸುತ್ತಿದ್ದರು. 1976ರಲ್ಲಿ ಫ್ರಾನ್ಸಿನ ಹೆಸರಾಂತ ವೈನ್‌ಗಳ ಜೊತೆ ಕ್ಯಾಲಿಫೋರ್ನಿಯಾದವನ್ನೂ ಇಟ್ಟು, ಯಾವುದು ಎಲ್ಲಿಯದೆಂದು ತಿಳಿಯದಂತೆ ಗ್ಲಾಸಿಗೆ ಸುರಿದು ಕೊಟ್ಟರು. ಫ್ರಾನ್ಸಿನ ಪರಿಣತರೇ ರುಚಿ ನೋಡಿ ಅಂಕ ಹಾಕಿದರು. ಕೆಂಪು, ಬಿಳಿ ಎರಡರಲ್ಲೂ ಕ್ಯಾಲಿಫೋರ್ನಿಯಾವೇ ಗೆದ್ದಿತು! ಹೆಸರು ಕಾಣದಿದ್ದರೆ ನಾಲಿಗೆ ಸುಳ್ಳು ಹೇಳುವುದಿಲ್ಲ, ಅಲ್ವಾ?

ಜೀವನವಿಡೀ ಬೇರೆಯವರ ವೈನ್ ತೂಗಿದ ಈ ಮನುಷ್ಯ, 2009ರಲ್ಲಿ, ಅರುವತ್ತೆಂಟರ ಆಸುಪಾಸಿನಲ್ಲಿ, ಇಂಗ್ಲೆಂಡಿನ ಡಾರ್ಸೆಟ್‌ನ ಕುರಿ ಸಾಕಣೆ ಜಮೀನಿನಲ್ಲಿ ತಾವೇ ದ್ರಾಕ್ಷಿ ನೆಟ್ಟರು. ನನಗೆ ತುಂಬಾ ಹಿಡಿಸಿದ್ದು ಇದೇ.

ನಂದಿಬೆಟ್ಟದ ತಪ್ಪಲಿನಲ್ಲೂ ಒಳ್ಳೆಯ ವೈನ್ ತಯಾರಾಗುತ್ತಿದೆ. ಆದರೆ ರುಚಿ ನೋಡದೆ ಸುಮ್ನೆ ಮೂಗು ಮುರಿಯುವವರೇ ಜಾಸ್ತಿ. ಕರ್ನಾಟಕ ವೈನ್ ಮಂಡಳಿ ತನ್ನ ವೈನ್ ಮೇಳಗಳಲ್ಲಿ ವಿದೇಶಿ ವೈನ್‌ಗಳ ಜೊತೆ ನಮ್ಮವನ್ನೂ ಲೇಬಲ್ ಮುಚ್ಚಿ ಪರೀಕ್ಷೆಗೆ ಇಡಲಿ. ಫಲಿತಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಲಿ.

– ಓದುಗ, ದೊಡ್ಡಬಳ್ಳಾಪುರ