ಮಗಳಿಗೊಂದು ಪತ್ರ: ಎರಡು ಪಟ್ಟೀಲೂ ಇರೋ ಹೆಸರು

ಪುಟ್ಟೀ,

ನಿನ್ನೆ ಫೋನಲ್ಲಿ ಕೇಳಿದ್ಯಲ್ಲ, ಹ್ಯಾಸ್ಕೆಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಎರಡು ಲಿಸ್ಟ್‌ಗೆ ಇಂಟರ್ಸೆಕ್ಟ್ (ಎರಡರಲ್ಲೂ ಇರೋದನ್ನ ಆರಿಸೋ ಫಂಕ್ಷನ್) ಹಾಕಿದ್ರೆ ಒಂದೇ ನಂಬರ್ ಎರಡೆರಡು ಸಲ ಯಾಕ್ ಬರತ್ತೆ, ಇದು ಬಗ್ಗಾ ಅಂತ, ದೊಡ್ಡ ಲಿಸ್ಟ್ ಕೊಟ್ರೆ ಪ್ರೋಗ್ರಾಮ್ ಯಾಕೆ ನಿಂತೇ ಹೋಗತ್ತೆ ಅಂತಾನೂ. ಬಗ್ ಅಲ್ಲ ಕಣೆ. ಅದು ಮೊದಲ್ನೇ ಲಿಸ್ಟಿಂದ ಒಂದೊಂದೇ ಎತ್ಕೊಂಡು ಎರಡ್ನೇದ್ರಲ್ಲಿ ಇದ್ಯಾ ನೋಡತ್ತೆ, ಇದ್ರೆ ಇಟ್ಕೊಳತ್ತೆ ಇಲ್ದಿದ್ರೆ ಬಿಡತ್ತೆ, ಅಷ್ಟೇ, ಫಿಲ್ಟರ್ (ಬೇಕಾದ್ದನ್ನ ಮಾತ್ರ ಉಳಿಸೋದು) ಒಳಗೆ ಎಲೆಮ್ (ಲಿಸ್ಟಲ್ಲಿ ಇದ್ಯಾ ಅಂತ ನೋಡೋದು) ಹಾಕಿ ನೀನೇ ಒಂದ್ ಲೈನಲ್ಲಿ ಬರೀಬಹುದು. ಅದಕ್ಕೇ 1, 2, 2, 3, 4 ಮೊದ್ಲು ಕೊಟ್ಟು 6, 4, 4, 2 ಆಮೇಲೆ ಕೊಟ್ರೆ 2, 2, 4 ಬರತ್ತೆ. ಅದಲು ಬದಲು ಮಾಡಿ ನೋಡು, 4, 4, 2. ಸ್ಕಾಲಾ ಅನ್ನೋ ಇನ್ನೊಂದು ಭಾಷೇಲಿ ಇದೇ ಲೆಕ್ಕ ಹಾಕಿದ್ರೆ 2, 4 ಮಾತ್ರ, ಯಾಕಂದ್ರೆ ಅಲ್ಲಿ ಎರಡೂ ಕಡೆ ಎಷ್ಟೆಷ್ಟು ಸಲ ಇದೆ ಅಂತ ಎಣಿಸಿ ಕಮ್ಮಿ ಇರೋದನ್ನ ತಗೋತಾರೆ.

ಮಾವನ ಮದುವೆ ಟೈಮಲ್ಲಿ ಅಜ್ಜಿ ಟ್ರಂಕಿಂದ ಎರಡು ಮುಯ್ಯಿ ಪುಸ್ತಕ ತೆಗೆದ್ರು, ಒಂದು ದೊಡ್ಡಮ್ಮನ ಮದುವೇದು ಇನ್ನೊಂದು ನಂದು. ಎರಡಕ್ಕೂ ಬಂದೋರನ್ನ ಮನೆಗೇ ಹೋಗಿ ಕುಂಕುಮ ಇಟ್ಟು ಕರೀಬೇಕು ಅಂತ ಅವರ ಹಟ. ನಾನು ಒಂದು ಹೆಸರು ಓದೋದು, ದೊಡ್ಡಮ್ಮ ಪ್ರತಿ ಸಲ ಮೊದಲ್ನೇ ಪುಟದಿಂದ ಹುಡುಕೋದು, ಮಧ್ಯಾಹ್ನ ಆದ್ರೂ ಎರಡು ಪುಟ ದಾಟ್ಲಿಲ್ಲ. ನಿನ್ ಪ್ರೋಗ್ರಾಮ್ ನಿಂತಿರೋದೂ ಹೀಗೇನೇ, 10,000ಕ್ಕೆ 10,000 ಅಂದ್ರೆ ಹೆಚ್ಚಂದ್ರೆ 10 ಕೋಟಿ ಸಲ ಹೋಲಿಸಿ ನೋಡ್ಬೇಕು.

ಆಮೇಲೆ ಎರಡನ್ನೂ ಅಕಾರಾದಿಯಾಗಿ ಬೇರೆ ಹಾಳೇಲಿ ಬರ್ಕೊಂಡ್ವಿ. ನನ್ ಬೆರಳು ಒಂದರ ಮೇಲೆ, ಅವಳದ್ದು ಇನ್ನೊಂದರ ಮೇಲೆ. ಹೆಸರು ಒಂದೇ ಆದ್ರೆ ಟಿಕ್ ಹಾಕಿ ಇಬ್ರೂ ಕೆಳಗೆ, ಇಲ್ಲಾಂದ್ರೆ ಯಾರ ಹೆಸರು ಮುಂಚೆ ಬರತ್ತೋ ಅವರ ಬೆರಳು ಮಾತ್ರ ಕೆಳಗೆ. ಸಂಜೆ ಕಾಫಿ ಹೊತ್ತಿಗೆ ಮುಗೀತು. ಎರಡು ಸಾಲು ಪ್ಯಾಟರ್ನ್ ಮ್ಯಾಚಿಂಗ್ (ಲಿಸ್ಟ್ ಖಾಲಿನಾ ಅಲ್ವಾ ಅಂತ ನೋಡೋದು), ಒಂದು ರಿಕರ್ಷನ್ (ಉಳಿದಿದ್ದಕ್ಕೆ ಅದೇ ಫಂಕ್ಷನ್ನ ಮತ್ತೆ ಕರೆಯೋದು), ನೀನೇ ಬರಿ, ಲೈಬ್ರರಿ ಆಮೇಲೆ ನೋಡು. ಡೇಟಾ ಡಾಟ್ ಸೆಟ್ (ಒಂದೊಂದನ್ನ ಒಂದೇ ಸಲ ಇಟ್ಕೊಳೋ ಹ್ಯಾಸ್ಕೆಲ್ ಲೈಬ್ರರಿ) ಸ್ಪೀಡಾಗಿರೋದೂ ಒಳಗಡೆ ಹೀಗೆ ಕ್ರಮವಾಗಿ ಜೋಡಿಸಿ ಇಟ್ಟಿರೋದ್ರಿಂದಾನೇ, ಅದಕ್ಕೇ ಅದು ಆರ್ಡ್ (ಯಾವ್ದು ಮುಂಚೆ ಅಂತ ಹೋಲಿಸೋಕೆ ಆಗ್ಬೇಕು) ಕೇಳತ್ತೆ, ಲಿಸ್ಟ್‌ಗಾದ್ರೆ ಈಕ್ಯೂ (ಎರಡೂ ಒಂದೇನಾ ಅಂತ ಗೊತ್ತಾದ್ರೆ ಸಾಕು) ಸಾಕು.

ಇನ್ನೊಂದು. ಒಬ್ರು ಧಾರೆಗೆ 101 ಬರೆಸಿ ಆರತಕ್ಷತೆಗೆ ಮತ್ತೆ 51 ಬರೆಸಿದ್ರು, ಒಂದೇ ಪುಸ್ತಕದಲ್ಲಿ ಹೆಸರು ಎರಡು ಸಲ. ಕರೆಯೋಕೆ ಒಂದೇ ಸಲ ಸಾಕು, ಆದ್ರೆ ಮುಯ್ಯಿ ತೀರಿಸುವಾಗ ಎರಡೂ ಸಾಲು ಬೇಕಲ್ವಾ, ಸೆಟ್‌ಗೆ ಹಾಕಿಬಿಟ್ರೆ ಬರೀ ಹೆಸರು ಉಳಿಯತ್ತೆ, ಎರಡು ಸಲ ಕೊಟ್ರು ಅನ್ನೋದು ಹೋಗತ್ತೆ. ನಿನ್ ಅಸೈನ್ಮೆಂಟಲ್ಲಿ ಯಾವ್ದು ಕೇಳಿದಾರೆ ಅಂತ ಇನ್ನೊಂದ್ ಸಲ ಓದಿ ಭಾನುವಾರ ಫೋನ್ ಮಾಡು, ಕೂತ್ಕೊಂಡು ನೋಡೋಣ.

ನಿನ್ನ ಅಮ್ಮ