ಚಮಚಕ್ಕೆ ಸಾರು ತಗುಲಿದ ಅಪರಾಧ

ಇವರಿಂದ:
ನಿವೃತ್ತ ಬಸ್ ಕಂಡಕ್ಟರ್,
ಮೈಸೂರು

ಇವರಿಗೆ:
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಸ್ಮಾರ್ಟ್ ಚಮಚ ತಯಾರಿಸುವ ಕಂಪನಿ

ವಿಷಯ: ಚಮಚಕ್ಕೆ ದ್ರವ ತಗುಲಿದೆ ಎಂಬ ಕಾರಣ ಕೊಟ್ಟು ವಾರಂಟಿ ನಿರಾಕರಿಸಿರುವ ಬಗ್ಗೆ.

ಮಾನ್ಯರೇ,

ಮೇಲಿನ ವಿಷಯವನ್ನು ದಯವಿಟ್ಟು ಇನ್ನೊಂದು ಸಲ ಓದಿಕೊಳ್ಳಿ. ನಿಮ್ಮ ಕಾಗದ ಬಂದಾಗ ನಾನೂ ಮೂರು ಸಲ ಓದಿದೆ. ಆಮೇಲೆ ಕನ್ನಡಕ ಒರೆಸಿಕೊಂಡು ನಮ್ಮ ಮನೆಯವರಿಗೆ ಜೋರಾಗಿ ಓದಿ ಹೇಳಿದೆ. ಅವರು ಒಗ್ಗರಣೆ ಸೌಟನ್ನು ಒಲೆ ಮೇಲಿಂದ ಇಳಿಸಿ, "ಚಮ್ಚಕ್ಕೆ ಸಾರು ತಗುಲ್ದೆ ಇನ್ನೇನ್ರೀ ತಗುಲ್ಬೇಕಿತ್ತು, ಸೀಮೆಎಣ್ಣೆನಾ?" ಅಂದರು. ಈ ಪ್ರಶ್ನೆಗೆ ಉತ್ತರ ಕೊಡುವ ಜವಾಬ್ದಾರಿ ನಿಮ್ಮದು. ಅದಕ್ಕೇ ಈ ಪತ್ರ.

ಮೊದಲಿಂದ ಹೇಳುತ್ತೇನೆ. ನನ್ನ ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಹೋದ ಯುಗಾದಿಗೆ ಬಂದವಳು ನಾನು ಊಟ ಮಾಡುವುದನ್ನು ನೋಡಿ, "ಅಪ್ಪ, ಹಿಂದ್ಗಡೆಯಿಂದ ಯಾರೂ ಅಟ್ಟಿಸ್ಕೊಂಡ್ ಬರ್ತಿಲ್ಲ, ನಿಧಾನ" ಅಂದಳು. ನನ್ನ ವೇಗಕ್ಕೆ ಕಾರಣವಿದೆ. 32 ವರ್ಷ ಬಸ್ಸಿನಲ್ಲಿ ದುಡಿದವನು ನಾನು. "ಊಟಕ್ಕೆ ಕಾಲು ಗಂಟೆ" ಎಂದು ನಾನೇ ಕೂಗಿ ಇಳಿಯುತ್ತಿದ್ದೆ. ಆ ಕಾಲು ಗಂಟೆಯಲ್ಲಿ ಐದು ನಿಮಿಷ ಚಿಲ್ಲರೆ ಕೇಳುವವರಿಗೆ, ಎರಡು ನಿಮಿಷ "ಈ ಬಸ್ಸು ಕೊಳ್ಳೇಗಾಲಕ್ಕೆ ಹೋಗುತ್ತಾ" ಎಂದು ಬೋರ್ಡಿನ ಕೆಳಗೇ ನಿಂತು ಕೇಳುವವರಿಗೆ. ಉಳಿದದ್ದರಲ್ಲಿ ಊಟ. ಡ್ರೈವರ್ ಹಾರ್ನ್ ಹೊಡೆದರೆ ಎಲೆ ಮೇಲೆ ಮಜ್ಜಿಗೆ ಅನ್ನವಿರಲಿ, ಪಾಯಸವಿರಲಿ, ಎದ್ದೇ ಬಿಡಬೇಕು. ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಆದರೂ ಬೀದಿಯಲ್ಲಿ ಯಾರಾದರೂ ಹಾರ್ನ್ ಹೊಡೆದರೆ ನನ್ನ ತುತ್ತು ದೊಡ್ಡದಾಗುತ್ತದೆ.

ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಹಿಡಿಯುತ್ತದೆ ಎಂದು ನಮ್ಮ ಡಾಕ್ಟರೂ ಹೇಳಿದ್ದರು. ಹಾಗಾಗಿ ಮಗಳು ನನ್ನ ಹುಟ್ಟಿದ ಹಬ್ಬಕ್ಕೆ ₹4,499 ಕೊಟ್ಟು ನಿಮ್ಮ ಚಮಚ ಕಳಿಸಿದಳು. ಎರಡು ತುತ್ತಿನ ನಡುವೆ 10 ಸೆಕೆಂಡ್ ಬಿಡದಿದ್ದರೆ ಹಿಡಿ ಗುರ್ರ್ ಅನ್ನುತ್ತದೆ, ಕೆಂಪು ದೀಪ ಹತ್ತುತ್ತದೆ, ತುತ್ತಿನ ಲೆಕ್ಕ ಫೋನಿಗೆ ಹೋಗುತ್ತದೆ. ಇಂಥದ್ದನ್ನು ನೀವೇ ಮೊದಲು ಕಂಡುಹಿಡಿದಿರಿ ಎಂದು ಡಬ್ಬಿ ಮೇಲೆ ಬರೆದುಕೊಂಡಿದ್ದೀರಿ. ಹಾಗೆ ಗುರ್ರ್ ಅನ್ನುವ ಫೋರ್ಕು 2013ರಲ್ಲೇ ಅಮೆರಿಕದ ಲಾಸ್ ವೇಗಸ್ ಮೇಳದಲ್ಲಿ ಬಂದಿತ್ತು ಎಂದು ನನ್ನ ಮೊಮ್ಮಗ ಫೋನಿನಲ್ಲಿ ತೆಗೆದು ತೋರಿಸಿದ. ಅದು ಇರಲಿ, ಬಸ್ಸಿನ ಹಿಂದೆ ಏನು ಬೇಕಾದರೂ ಬರೆಸಬಹುದು.

ನಾನು ಯಂತ್ರದ ವಿರೋಧಿ ಅಲ್ಲ. ಸರ್ವೀಸಿನ ಕೊನೆಕೊನೆಗೆ ಟಿಕೆಟ್ ಮೆಷಿನ್ ಕೈಗೆ ಬಂದಾಗ ನಮ್ಮ ಡಿಪೋದಲ್ಲಿ ಬೇಗ ಕಲಿತವರಲ್ಲಿ ನಾನೂ ಒಬ್ಬ. ಕೈ ನಡುಗುವವರಿಗಾಗಿ, ನಡುಕವನ್ನು ತಾನೇ ಸರಿದೂಗಿಸಿಕೊಂಡು ಅನ್ನ ಚೆಲ್ಲದಂತೆ ನೋಡಿಕೊಳ್ಳುವ ಚಮಚ ಇದೆಯಂತೆ. ಅದನ್ನು ಮಾಡಿದ ಕಂಪನಿಯನ್ನು 2014ರಲ್ಲಿ ಗೂಗಲ್‌ನವರು ಕೊಂಡುಕೊಂಡರಂತೆ. ನನ್ನ ಜೊತೆ ಡ್ಯೂಟಿ ಮಾಡಿದ ಡ್ರೈವರೊಬ್ಬರಿಗೆ ಈಗ ಕೈ ನಡುಗುತ್ತದೆ, ಸ್ಟೀರಿಂಗ್ ಹಿಡಿದ ಅದೇ ಕೈ. ಅಂಥ ಚಮಚ ಕಂಡರೆ ಕೈ ಮುಗಿಯುತ್ತೇನೆ. ಜಪಾನಿನ ಕಿರಿನ್ ಕಂಪನಿ 2024ರಲ್ಲಿ ಮಾರಾಟಕ್ಕೆ ಬಿಟ್ಟ ಚಮಚ ಸಣ್ಣಗೆ ಕರೆಂಟು ಹಾಯಿಸಿ, ಕಡಿಮೆ ಉಪ್ಪಿನ ಸಾರನ್ನೂ ಹದವಾಗಿ ಉಪ್ಪು ಹಾಕಿದಂತೆ ನಾಲಿಗೆಗೆ ತೋರಿಸುತ್ತದಂತೆ. ಬಿ.ಪಿ. ಇರುವವರಿಗೆ ಅದೂ ಒಂದು ಉಪಕಾರವೇ. (ಇದನ್ನು ಹೇಳಿದಾಗ ಮನೆಯವರು, "ಉಪ್ಪು ಕಮ್ಮಿಯಾದ್ರೆ ನನ್ನನ್ ಕೇಳಿ, ಕರೆಂಟ್ ಯಾಕೆ" ಅಂದರು.) ಆ ಚಮಚಗಳಿಗೆ ತಾವು ಚಮಚ ಎಂಬುದು ನೆನಪಿದೆ. ನಿಮ್ಮದು ಚೆಕಿಂಗ್ ಇನ್‌ಸ್ಪೆಕ್ಟರ್ ಆಗಲು ಹೊರಟಿತು. ಆಗಲಿ, ಆದರೆ ಲೆಕ್ಕವಾದರೂ ಬರಬೇಕಲ್ಲ?

ನಮ್ಮದು ಮೂಲತಃ ಮಳವಳ್ಳಿ ಕಡೆ. ಮಧ್ಯಾಹ್ನ ಮುದ್ದೆ, ರಾತ್ರಿಯೂ ಬಹುತೇಕ ಮುದ್ದೆ. ಮುದ್ದೆಗೆ ಚಮಚ ಹಾಕುವವರು ಇನ್ನೂ ಹುಟ್ಟಿಲ್ಲ. ಕೈಯಲ್ಲಿ ಮುರಿದು, ಹೆಬ್ಬೆರಳಲ್ಲಿ ಒಂದು ಗುಳಿ ಮಾಡಿ, ಬಸ್ಸಾರಿಗೆ ಅದ್ದಿ, ನುಂಗುವುದು. ಅಗಿಯುವುದಲ್ಲ, ನುಂಗುವುದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಕೂತವರು ನಗುತ್ತಾರೆ. ನಿಮ್ಮ ಆ್ಯಪ್‌ನಲ್ಲಿ ಆಹಾರದ ಪಟ್ಟಿ ತೆಗೆದು ಹುಡುಕಿದೆ. ಪಾಸ್ತಾ ನಾಲ್ಕು ತರಹ ಇದೆ, ಉಪ್ಸಾರು ಇಲ್ಲ. ರಾಗಿ ಮುದ್ದೆ ಸಿಗದೆ "ಇತರೆ" ಎಂದು ಒತ್ತಿದ್ದಕ್ಕೆ, "ಪ್ರತಿ ತುತ್ತನ್ನೂ 20 ಬಾರಿ ಅಗಿಯಿರಿ" ಎಂದು ಸಲಹೆ ಬಂತು. ಮುದ್ದೆಯನ್ನು ಇಪ್ಪತ್ತು ಸಲ ಅಗಿಯಿರಿ ಎಂದು ಬರೆದ ಇಂಜಿನಿಯರನ್ನು ಒಮ್ಮೆ ನಮ್ಮ ಮನೆಗೆ ಕಳಿಸಿ. ಊಟ ನಮ್ಮದೇ. ಅವರು ಅಗಿಯುವುದನ್ನು ನಾವು ಕೂತು ನೋಡಬೇಕು.

ಮುಖ್ಯ ತಕರಾರಿಗೆ ಬರುತ್ತೇನೆ. ಕಂಡಕ್ಟರ್ ಕೆಲಸದಲ್ಲಿ ವೇ ಬಿಲ್ ಅಂತ ಒಂದಿದೆ. ಯಾವ ಸ್ಟೇಜಿನಲ್ಲಿ ಯಾವ ನಂಬರಿನ ಟಿಕೆಟ್ ತನಕ ಹರಿದಿದೆ ಎಂದು ಅದರಲ್ಲಿ ಬರೆಯಬೇಕು. ಚೆಕಿಂಗ್‌ನವರು ಹತ್ತಿ ತಲೆ ಎಣಿಸಿದಾಗ ಒಳಗಿರುವ ಜನಕ್ಕೂ ವೇ ಬಿಲ್‌ಗೂ ತಾಳೆಯಾಗಬೇಕು. ಇಲ್ಲದಿದ್ದರೆ ಮೆಮೊ. ಈಗ ನಿಮ್ಮ ಚಮಚದ ವೇ ಬಿಲ್ ನೋಡಿ.

ಸೋಮವಾರ, ಮಂಗಳವಾರ, ಬುಧವಾರ ನಾನು ಮೂರು ಹೊತ್ತೂ ಕೈಯಲ್ಲೇ ಉಂಡೆ: ಮುದ್ದೆ, ದೋಸೆ, ರೊಟ್ಟಿ. ನಿಮ್ಮ ಚಮಚ ಮೂರು ದಿನಕ್ಕೂ "ಆಹಾರ ಸೇವನೆ: 0" ಎಂದು ಬರೆದು, ಅದನ್ನು ಪುಣೆಗೆ ತಲುಪಿಸಿತು. ಬುಧವಾರ ರಾತ್ರಿ ಹತ್ತಕ್ಕೆ ಮಗಳ ಫೋನು. "ಅಪ್ಪ, ಹುಷಾರಾಗಿದ್ದೀಯಾ? ಮೂರು ದಿನದಿಂದ ಏನೂ ತಿಂದಿಲ್ವಂತೆ! ಅಮ್ಮನ ಜೊತೆ ಜಗಳನಾ?" ನಾನು ಆಗಷ್ಟೇ ಎರಡನೇ ಮುದ್ದೆ ಮುಗಿಸಿ ತೇಗಿದ್ದೆ. ಎಷ್ಟು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ, ಎದುರು ಮನೆಯವರಿಗೆ ಫೋನ್ ಮಾಡಿದಳು. ಎದುರು ಮನೆ ಅಜ್ಜಿ ರಾತ್ರಿ ಹತ್ತೂವರೆಗೆ ಒಂದು ಪಾತ್ರೆ ಗಂಜಿ ಹಿಡಿದು ಬಂದು, ನಮ್ಮ ಮನೆಯವರನ್ನು ಒಂಥರಾ ನೋಡಿದರು. ಬೆಳಗಾಗುವುದರೊಳಗೆ ನಾನು ಉಪವಾಸ ಕೂತ ಸುದ್ದಿ ಬೀದಿ ಕೊನೆಯ ಹಾಲಿನ ಬೂತಿನವರೆಗೂ ಹೋಗಿತ್ತು. ಗಂಡನಿಗೆ ಊಟ ಹಾಕುವುದಿಲ್ಲ ಎಂಬ ಮಾತನ್ನು ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ಕೇಳಿಸಿಕೊಂಡ ಹೆಂಗಸಿನ ಜೊತೆ ಒಂದೇ ಮನೆಯಲ್ಲಿ ಎರಡು ದಿನ ಕಳೆಯುವುದು ಹೇಗಿರುತ್ತದೆ ಎಂದು ನಿಮ್ಮ ಕಂಪನಿಯಲ್ಲಿ ಮದುವೆಯಾದವರು ಯಾರಾದರೂ ಇದ್ದರೆ ಕೇಳಿ ತಿಳಿದುಕೊಳ್ಳಿ.

ಶನಿವಾರ ಇನ್ನೊಂದು. ಶಾವಿಗೆ ಪಾಯಸಕ್ಕೆ ದ್ರಾಕ್ಷಿ ಗೋಡಂಬಿ ಹುರಿಯುವಾಗ ಕೈಗೆ ಸಿಕ್ಕಿದ ಚಮಚ ಎಂದು ಮನೆಯವರು ನಿಮ್ಮದರಲ್ಲೇ ಕೈಯಾಡಿಸಿದರು. ಅದು ಬಾಣಲೆಯಲ್ಲಿ ಗುರ್ರ್ ಗುರ್ರ್ ಎಂದು ಅರಚಿಕೊಂಡಿತು. ವರದಿ ಏನು ಗೊತ್ತೇ? ನಾನು ಆರು ನಿಮಿಷದಲ್ಲಿ 212 ತುತ್ತು ತಿಂದೆನಂತೆ. ಮತ್ತೆ ಪುಣೆಯಿಂದ ಫೋನು. ತುತ್ತನ್ನು ಅದು ಬಾಯಿಂದಲ್ಲ, ಕೈ ಅಲುಗುವುದರಿಂದ ಎಣಿಸುತ್ತದೆ ಎಂದು ನಿಮ್ಮ ಸಹಾಯವಾಣಿಯ ಹುಡುಗ ಒಪ್ಪಿಕೊಂಡ. ಅಲ್ಲ ಸ್ವಾಮಿ, ಬಸ್ಸು ಕುಲುಕಿದಾಗಲೆಲ್ಲ ಒಂದೊಂದು ಟಿಕೆಟ್ ಹರಿದಿದ್ದರೆ ನಮ್ಮ ಸಂಸ್ಥೆಗೆ ನಷ್ಟವೇ ಆಗುತ್ತಿರಲಿಲ್ಲ.

ಅಪ್‌ಡೇಟ್ ವಿಷಯ ಉದ್ದಕ್ಕೆ ಬರೆಯುವುದಿಲ್ಲ. ಬಿಸಿಬೇಳೆ ಬಾತ್ ಬಡಿಸಿಕೊಂಡು ಚಮಚ ಎತ್ತಿದರೆ, "ಸಾಫ್ಟ್‌ವೇರ್ ನವೀಕರಣ ನಡೆಯುತ್ತಿದೆ, ಸಾಧನವನ್ನು ಬಳಸಬೇಡಿ" ಎಂದು ಫೋನಿನಲ್ಲಿ ಬಂತು. ಆಮೇಲೆ ಲಾಗಿನ್ ಮಾಡಿ ಎಂದಿತು. ಓ.ಟಿ.ಪಿ. ಮಗಳ ಫೋನಿಗೆ ಹೋಯಿತು, ಅವಳು ಮೀಟಿಂಗ್‌ನಲ್ಲಿದ್ದಳು. ತಟ್ಟೆ ಮುಂದೆ ಕೂತು ಓ.ಟಿ.ಪಿ. ಕಾದ ಮೊದಲ ಕನ್ನಡಿಗ ಬಹುಶಃ ನಾನೇ. ಕಾಯಲಿಲ್ಲ ಅನ್ನಿ. ಕೈ ಇತ್ತು. ಕೈಗೆ ಚಾರ್ಜ್ ಮಾಡುವ ತಾಪತ್ರಯವಿಲ್ಲ, ಅನ್ನ ಸುಡುತ್ತಿದೆಯೋ ಆರಿದೆಯೋ ಎಂದು ಬಾಯಿಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ.

ಇದೆಲ್ಲ ಸಹಿಸಿಕೊಂಡಿದ್ದೆ. ಹೋದ ತಿಂಗಳು ಚಮಚ ಜಾರಿ ಸಾರಿನ ಪಾತ್ರೆಗೆ ಬಿತ್ತು. ತೆಗೆದಾಗ ದೀಪ ಹತ್ತಲಿಲ್ಲ. ಡಬ್ಬಿ ಮೇಲೆ ಐ.ಪಿ.67 ಎಂದು ದಪ್ಪಕ್ಷರದಲ್ಲಿದೆ. 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇಟ್ಟರೂ ಏನೂ ಆಗಬಾರದು ಎಂದು ಅದರ ಅರ್ಥವಂತೆ. ನಮ್ಮ ಪಾತ್ರೆ ಒಂದು ಗೇಣು ಆಳವೂ ಇಲ್ಲ, ಚಮಚ ಅದರಲ್ಲಿ ಇದ್ದದ್ದು ಅರ್ಧ ನಿಮಿಷ. ಸಹಾಯವಾಣಿಯಲ್ಲಿ ಹೇಳಿದರು: "ಸರ್, ಅದು ತಣ್ಣೀರಿನ ಪರೀಕ್ಷೆ. ಬಿಸಿ ಸಾರಿಗೆ ಅನ್ವಯಿಸಲ್ಲ." ಹಾಗಾದರೆ ನಿಮ್ಮ ಚಮಚ ಏನು ತಿನ್ನುವುದಕ್ಕೆ? ತಣ್ಣೀರಿಗಾದರೆ ಲೋಟ ಇದೆ.

ಆದರೂ ಕೊರಿಯರ್ ಖರ್ಚು ₹140 ನಾನೇ ಹಾಕಿಕೊಂಡು ಕಳಿಸಿದೆ. ಮೂರು ವಾರದ ಮೇಲೆ ಚಮಚ ಹಾಗೇ ಹಿಂದಕ್ಕೆ ಬಂತು, ಜೊತೆಗೆ ಈ ಕಾಗದ: "ಸಾಧನದ ಮುಂಭಾಗದಲ್ಲಿ ದ್ರವ ಹಾಗೂ ಆಹಾರದ ಕಣಗಳು ಕಂಡುಬಂದಿವೆ. ಬಳಕೆದಾರರ ನಿರ್ಲಕ್ಷ್ಯ." ಚಮಚದ ಮುಂಭಾಗದಲ್ಲಿ ಆಹಾರದ ಕಣ! ಕೊಡೆ ನೆನೆದಿದೆ, ಚಪ್ಪಲಿಗೆ ಮಣ್ಣು ಮೆತ್ತಿದೆ ಎಂದು ವಾರಂಟಿ ನಿರಾಕರಿಸಿದ ಹಾಗೆ ಇದು. ಎರಡನೇ ಕಾರಣ, "ಹೊರಮೈಗೆ ಅನಧಿಕೃತ ಹಾನಿ" ಎಂದಿದ್ದೀರಿ. ಅದು ಹಾನಿಯಲ್ಲ, ನಮ್ಮ ಮನೆಯವರ ಹೆಸರು. ಮನೆಗೆ ಬಂದ ಸ್ಟೀಲ್ ಸಾಮಾನಿಗೆಲ್ಲ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸುವುದು ನಮ್ಮಲ್ಲಿ ಪದ್ಧತಿ, ಗೃಹಪ್ರವೇಶಕ್ಕೋ ತಿಥಿಗೋ ಎರವಲು ಕೊಟ್ಟಾಗ ಅದಲುಬದಲಾಗದಿರಲಿ ಎಂದು. ಹಾಗೆ ಕೆತ್ತಿಸಿದ ನಮ್ಮ ತಾಯಿಯ ಕಾಲದ ಲೋಟ ಇವತ್ತಿಗೂ ಕಾಫಿ ಹಿಡಿದುಕೊಂಡು ನಿಂತಿದೆ. ಕೆತ್ತಿಸಿದ್ದಕ್ಕೆ ಅದು ಇದುವರೆಗೆ ಕೆಟ್ಟಿಲ್ಲ, ಅಪ್‌ಡೇಟನ್ನೂ ಕೇಳಿಲ್ಲ.

ಈಗ ಆ ಚಮಚ ನಮ್ಮ ಕಾಫಿಪುಡಿ ಡಬ್ಬಿಯಲ್ಲಿದೆ. ಸತ್ತಿದೆ ಎಂದುಕೊಂಡಿದ್ದೆವು. ಮೊನ್ನೆ ರಾತ್ರಿ ಎರಡು ಗಂಟೆಗೆ ಡಬ್ಬಿಯೊಳಗೆ ತಾನಾಗೇ ಗುರ್ರ್ ಅಂದಿತು. ಬೆಳಿಗ್ಗೆ ಮಗಳ ಮೆಸೇಜ್: "ಅಪ್ಪ, ಮಧ್ಯರಾತ್ರೀಲಿ ಕದ್ದು ಏನ್ ತಿಂದೆ?"

ಆದ್ದರಿಂದ ನನ್ನ ಬೇಡಿಕೆ: ಚಮಚದ ಬೆಲೆ ₹4,499, ಕೊರಿಯರ್ ₹140, ಒಟ್ಟು ₹4,639 ಈ ಪತ್ರ ಸೇರಿದ 15 ದಿನದೊಳಗೆ ವಾಪಸ್ ಕೊಡಬೇಕು. ಮೂರು ದಿನ ನಾನು ಉಪವಾಸವಿರಲಿಲ್ಲ ಎಂದು ಎದುರು ಮನೆ ಅಜ್ಜಿಗೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಕನ್ನಡದಲ್ಲಿ ಬರೆದುಕೊಡಬೇಕು. ತಪ್ಪಿದಲ್ಲಿ ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇನೆ. ಅಲ್ಲೂ ಆಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ವಕೀಲರು ಬೇಕಿಲ್ಲ, ನಾನೇ ವಾದಿಸಬಹುದಂತೆ. ಸಾಕ್ಷಿಗೆ ಚಮಚ ತರುತ್ತೇನೆ, ಜೊತೆಗೆ ಒಂದು ಬಟ್ಟಲು ಸಾರೂ ತರುತ್ತೇನೆ.

ಹಣ ಪೂರ್ತಿ ಬರಲಿ. ಚಿಲ್ಲರೆ ಇಲ್ಲದಿದ್ದರೆ ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿ ಕಳಿಸಿ, ಇಳಿಯುವಾಗ ಕೇಳಿ ಇಸಿದುಕೊಳ್ಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ನಕಲು, ನಿಮ್ಮ ಕಾಗದದ ನಕಲು, 212 ತುತ್ತಿನ ವರದಿ.