ಮೇಣವೋ ಮಣ್ಣೋ, ಡಬ್ಬಿಯ ಮೇಲೆ ಬರೆಯಬಾರದೇ?

ಮಾನ್ಯರೇ,

ಕಳೆದ ವಾರದ ಪುರವಣಿಯಲ್ಲಿ ಕೌದಿ ಹೊಲಿಯುವುದರ ಬಗ್ಗೆ ಬಂದ ಬರಹ ಚೆನ್ನಾಗಿತ್ತು. ಆದರೆ 'ಬಟ್ಟೆಯ ಮೇಲೆ ಚಾಕ್‌ನಿಂದ ಡಿಸೈನ್ ಬರೆದುಕೊಳ್ಳಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಯಾವ ಚಾಕ್? ನಾನು ಎಡವಿದ್ದು ಅಲ್ಲೇ.

ಮೊಮ್ಮಗಳಿಗೆಂದು ಕೆನೆಬಣ್ಣದ ಹತ್ತಿ ಬಟ್ಟೆ ತೆಗೆದಿಟ್ಟಿದ್ದೆ. ಬಿಳಿ ಚಾಕ್ ಕಾಣುವುದಿಲ್ಲ ಅಂತ ಹಳದಿ ತಗೊಂಡೆ. ಬಳ್ಳಿ, ಎಲೆ ಎಲ್ಲ ಬರೆದೆ. ಒಂದು ಎಲೆ ಸೊಟ್ಟಗಾಗಿತ್ತು, ಅಳಿಸೋಣ ಅಂತ ಕೊಡವಿದರೆ ಹೋಗಲಿಲ್ಲ. ಇಸ್ತ್ರಿಪೆಟ್ಟಿಗೆ ಇಟ್ಟೆ. ಗೆರೆ ಕ್ಷಣದಲ್ಲಿ ಮಾಯ! ಇಷ್ಟು ಸಲೀಸಾ ಅಂದುಕೊಂಡು ಬೆಳಕಿಗೆ ಹಿಡಿದರೆ, ಎಲೆ ಇದ್ದ ಜಾಗದಲ್ಲಿ ಎಣ್ಣೆ ಬಿದ್ದಂಥ ಕಲೆ, ಅದರೊಳಗೆ ತೆಳು ಹಳದಿ. ಮೂರು ಸಲ ಒಗೆದೆ, ಜಗ್ಗಲಿಲ್ಲ. ಕೊನೆಗೆ ಆ ಬಟ್ಟೆಯನ್ನು ತಿರುವಿ ಕೌದಿಯ ಹಿಂಬದಿಗೆ ಹಾಕಿದೆ. ಮೊಮ್ಮಗಳಿಗೆ ಇನ್ನೂ ಗೊತ್ತಿಲ್ಲ.

ನಾನು ತಂದಿದ್ದು ಮೇಣದ ಚಾಕ್. ಉಣ್ಣೆ ಬಟ್ಟೆಗೆ ಅದು ಒಳ್ಳೆಯದೇ, ಬಿಸಿ ತಾಗಿದರೆ ಬಿಟ್ಟುಕೊಳ್ಳುತ್ತದೆ. ಹತ್ತಿ ಮಾತ್ರ ಕರಗಿದ ಮೇಣವನ್ನು ಹೀರಿಕೊಂಡು ಕೂತುಬಿಡುತ್ತದೆ. ಕೌದಿಗೆ ಬೇಕಾದದ್ದು ಮಣ್ಣಿನ ಅಥವಾ ಟಾಲ್ಕ್‌ನ ಚಾಕ್. ಕೈಗೆ ಪುಡಿ ಅಂಟುತ್ತದೆ, ಕೊಡವಿದರೆ ಉದುರುತ್ತದೆ. ಇದರಲ್ಲೂ ಬಿಳಿಯೇ ವಾಸಿ. ಬಣ್ಣದ ಚಾಕ್‌ನ ಪುಡಿ ಹೋದರೂ ಬಣ್ಣ ನಿಲ್ಲಬಹುದು. ಅದಕ್ಕೇ ಅದೇ ಬಟ್ಟೆಯ ತುಂಡೊಂದರ ಮೇಲೆ ಗೆರೆ ಎಳೆದು, ಒಗೆದು ನೋಡಬೇಕು. ಕಪ್ಪು ಬಟ್ಟೆಗೆ ನಾನು ಚಾಕನ್ನೇ ಮುಟ್ಟುವುದಿಲ್ಲ. ಸವೆದು ಒಣಗಿದ ಸೋಪಿನ ಚೂರು ಸಾಕು. ಕ್ರೀಮು ಸೇರಿಸಿದ ಸೋಪ್ ಬೇಡ, ಅದರದ್ದೂ ಜಿಡ್ಡೇ.

ಉದುರುವ ಚಾಕ್‌ನ ಕಷ್ಟವೂ ಇದೆ ಅನ್ನಿ. ಕೈಯಲ್ಲಿ ಹೊಲಿಯುವ ಕೌದಿ ತಿಂಗಳುಗಟ್ಟಲೆ ಮಡಿಲಲ್ಲಿ ಹೊರಳುತ್ತದೆ. ಇವತ್ತು ಬರೆದ ಹೂವು ಮುಂದಿನ ವಾರಕ್ಕೆ ಇರುವುದಿಲ್ಲ. ಇಡೀ ಕೌದಿಗೆ ಒಮ್ಮೆಲೇ ಬರೆಯುವ ಹುಚ್ಚು ಬೇಡ. ಬಟ್ಟೆ ಬಿಗಿದು ಹಿಡಿಯುವ ರಿಂಗಿನೊಳಗೆ ಎಷ್ಟು ಬರುತ್ತದೋ ಅಷ್ಟು ಬರೆದು, ಹೊಲಿದು, ಮುಂದಕ್ಕೆ ಹೋಗಿ. ಚಾಕ್‌ನ ಅಂಚನ್ನು ಆಗಾಗ ಬ್ಲೇಡಿನಿಂದ ಹೆರೆಯುತ್ತಿರಿ. ಮೊಂಡು ಚಾಕ್ ಎಳೆಯುವ ಗೆರೆ ಎಷ್ಟು ದಪ್ಪ ಅಂದರೆ, ಹೊಲಿಗೆ ಅದರ ಯಾವ ಅಂಚಿಗೆ ಹಾಕಬೇಕು ಅನ್ನುವುದೇ ತಿಳಿಯುವುದಿಲ್ಲ. ತುದಿಯಲ್ಲಿ ಪುಟ್ಟ ಗಾಲಿ ಇರುವ, ಪುಡಿ ತುಂಬುವ ಚಾಕ್ ಪೆನ್ ಸಿಕ್ಕರೆ ಗೆರೆ ಕೂದಲೆಳೆಯಂತೆ ಬರುತ್ತದೆ. ಡಿಸೈನನ್ನು ತೂತುಗಳಲ್ಲಿ ಕೊರೆದ ಸ್ಟೆನ್ಸಿಲ್ ಹಾಳೆ ಇದ್ದರೆ, ಚಾಕ್ ಪುಡಿ ತುಂಬಿದ ಪ್ಯಾಡನ್ನು ಅದರ ಮೇಲೆ ಕುಟ್ಟಬೇಡಿ, ಮೆತ್ತಗೆ ಸವರಿ.

ಇಸ್ತ್ರಿ ಮಾಡಿದರೆ ಮಾಯವಾಗುವ ಇಂಕಿನ ಪೆನ್ ಇದೆಯಲ್ಲ ಅಂತ ಸೊಸೆ ಹೇಳುತ್ತಾಳೆ. ಇದೆ. ಆದರೆ ಕೊರೆಯುವ ಚಳಿಗೆ ಆ ಗೆರೆ ಮತ್ತೆ ಮೂಡುತ್ತದೆ. ಒಂದು ತುಂಡನ್ನು ಫ್ರೀಜರಿನಲ್ಲಿಟ್ಟು ತೋರಿಸಿದೆ. ಸುಮ್ಮನಾದಳು.

ನನ್ನ ತಕರಾರು ಇಷ್ಟೇ. ನಾನು ಕೊಂಡ ಡಬ್ಬಿಯ ಮೇಲೆ 'ಟೈಲರ್ ಚಾಕ್' ಎಂದಷ್ಟೇ ಇತ್ತು. ಒಳಗೆ ಮೇಣವಿದೆಯೋ ಮಣ್ಣಿದೆಯೋ ಅಂತ ಒಂದು ಪದ ಇಲ್ಲ. ತಯಾರಿಸುವವರು ಆ ಒಂದು ಪದ ಅಚ್ಚು ಹಾಕಬೇಕು, ನೀವೂ ಪುರವಣಿಯಲ್ಲಿ ಒಂದು ಮಾತು ಬರೆಯಬೇಕು. ಅಲ್ಲಿಯವರೆಗೆ, ಹೊಸ ಚಾಕ್ ತಂದ ಕೂಡಲೇ ತೆಳು ಕಾಗದದ ಮೇಲೆ ಒತ್ತಿ ಗೀಚಿ, ಮೇಲೊಂದು ಕಾಗದ ಮುಚ್ಚಿ, ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ನೋಡಿ. ಬೋಂಡಾ ಕಟ್ಟಿದ ಕಾಗದದ ಹಾಗೆ ಪಾರದರ್ಶಕ ಮಚ್ಚೆ ಬಿದ್ದರೆ, ಅದು ಮೇಣದ್ದು.

– ಕೌದಿ ಹೊಲಿಯುವ ಒಬ್ಬ ಅಜ್ಜಿ